ಲೇಔಟಿನ ಮೂಲೆಯ ವೀರಗಲ್ಲು

ಹುಬ್ಬಳ್ಳಿಗೆ ಬಂದಾಗಲೆಲ್ಲ ನಾನು ಧಾರವಾಡಕ್ಕೆ ಓಡಾಡುವ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹುಡುಕಿ ಕೂರುತ್ತೇನೆ. ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ ಅಂತ ನಿಲ್ದಾಣಗಳ ಹೆಸರು ಒಂದೊಂದಾಗಿ ಬರುತ್ತವೆ. ನವನಗರ ಒಂದನ್ನು ಬಿಟ್ಟರೆ ಎಲ್ಲ ಹಳ್ಳಿಗಳ ಹೆಸರು. ಹೊರಗೆ ಕಾಣುವುದು ಶೋರೂಮು, ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ. ಊರು ಕಣ್ಣಿಗೆ ಬೀಳುವುದಿಲ್ಲ, ಹೆಸರು ಮಾತ್ರ ಉಳಿದಿದೆ.

22 ವರ್ಷದಿಂದ ನಾನಿರುವುದು ಮುಂಬೈಯ ಬೋರಿವಲಿಯಲ್ಲಿ. ನಮ್ಮ ಸೊಸೈಟಿಯಿಂದ ಸ್ವಲ್ಪ ದೂರದಲ್ಲಿ ಎಕ್ಸರ್ ಅನ್ನುವ ಜಾಗವಿದೆ. ಎತ್ತರದ ಕಟ್ಟಡಗಳ ನಡುವೆ ಅಲ್ಲಿ ವೀರಗಲ್ಲುಗಳು ನಿಂತಿವೆ. ಅವುಗಳ ಮೇಲೆ ಹುಟ್ಟು ಹಾಕುವ ಹಡಗುಗಳ ಸಾಲು, ಸಮುದ್ರದ ಕಾಳಗ. ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ 13ನೇ ಶತಮಾನದಲ್ಲಿ ನಡೆದ ಯುದ್ಧ ಇದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ನಮ್ಮ ಕಡೆ ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಮುಂದೆ ಕಾಣುವ ಕಲ್ಲೇ ಅಲ್ವಾ ಇದು! ಕುದುರೆ ಇರುವ ಕಡೆ ಹಡಗು ಇದೆ, ಅಷ್ಟೇ. ಎಕ್ಸರಿನ ಹಳೆಯ ಮನೆತನದವರು ಇವತ್ತಿಗೂ ಅದಕ್ಕೆ ಪೂಜೆ ಮಾಡುತ್ತಾರೆ. ಇತಿಹಾಸ ಕೇಳಿದರೆ ಅವರು ಹೇಳಲಿಕ್ಕಿಲ್ಲ, ಆದರೆ ಕಲ್ಲು ತಮ್ಮದು ಅನ್ನುವುದು ಅವರಿಗೆ ಗೊತ್ತು.

ಅಲ್ಲಿ ಹಳೆಯ ಹಳ್ಳಿಯ ಭಾಗಕ್ಕೆ ಗಾವಠಾಣ ಅನ್ನುತ್ತಾರೆ. ನಮ್ಮ ಉತಾರದಲ್ಲೂ, ಅಂದರೆ ಜಮೀನಿನ ಪಹಣಿಯಲ್ಲೂ, ಅದೇ ಶಬ್ದ. 1956ರವರೆಗೆ ನಾವೂ ಮುಂಬೈ ರಾಜ್ಯದಲ್ಲೇ ಇದ್ದೆವಲ್ಲ, ಕಂದಾಯದ ಮಾತು ಒಂದೇ ಆಗಿ ಉಳಿದಿದೆ. ಆದರೆ ಬದುಕುವ ರೀತಿ ಬೇರೆ. ಬೋರಿವಲಿಯಲ್ಲಿ ಗಾವಠಾಣದ ಇಕ್ಕಟ್ಟಾದ ಓಣಿಯಲ್ಲೇ ಸೊಸೈಟಿಯವರೂ ಓಡಾಡುತ್ತಾರೆ. ಮೀನು, ಹೂವು, ಹಿಟ್ಟಿನ ಗಿರಣಿ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ನಮ್ಮಲ್ಲಿ ಹೊಸ ಲೇಔಟಿಗೂ ಹಳ್ಳಿಗೂ ನಡುವೆ ಕಾಂಪೌಂಡ್ ಗೋಡೆ ಬಂದಿದೆ. ನೆನಪೆಲ್ಲ ಗೋಡೆಯ ಆ ಕಡೆ, ಹೊಸ ಮನೆಗಳು ಈ ಕಡೆ. ನನಗೆ ನೋವಾಗುವುದು ಇದಕ್ಕೇ.

ಮುಂಬೈಯಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಅಲ್ಲಿ ಉಳಿದದ್ದಕ್ಕಿಂತ ಅಳಿದು ಹೋದದ್ದೇ ಜಾಸ್ತಿ.

ನನ್ನ ತಂಗಿ ಇರುವುದು ನವನಗರದ ಹತ್ತಿರ. ಅವಳ ಮನೆಯಿಂದ ಅಮರಗೋಳ ಒಂದು ಚಹಾ ಕುಡಿಯುವಷ್ಟು ಹೊತ್ತಿನ ದಾರಿ. ಅಮರಗೋಳ ಅಂದರೆ ಎಲ್ಲರಿಗೂ ಎಪಿಎಂಸಿ ನೆನಪಾಗುತ್ತದೆ. ಅಲ್ಲೇ ಬನಶಂಕರಿ ಗುಡಿ, ಶಂಕರಲಿಂಗ ಗುಡಿ ಇವೆ. ಎರಡೂ ಚಾಲುಕ್ಯರ ಕಾಲದವು, ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ತಂಗಿಯ ಓಣಿಯ ಮಕ್ಕಳು ಹಂಪಿಗೆ ಶಾಲೆಯ ಟ್ರಿಪ್ ಹೋಗಿ ಬಂದಿದ್ದಾರೆ. ಅಮರಗೋಳ ನೋಡಿದವರು ಒಬ್ಬರೂ ಇರಲಿಲ್ಲ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಕಥೆಯೇ ಬೇರೆ. ಸುಮಾರು 900 ವರ್ಷದ ಗುಡಿ. ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಬಾಗಿಲ ಪಕ್ಕದ ಜಾಲಂಧ್ರದಿಂದ, ಅಂದರೆ ಕಲ್ಲಿನ ಜಾಲರಿ ಕಿಟಕಿಯಿಂದ, ಬೆಳಕು ತುಂಡು ತುಂಡಾಗಿ ಒಳಗೆ ಬೀಳುತ್ತದೆ. ಸುತ್ತ ಮನೆಗಳು ಎಷ್ಟು ಒತ್ತಾಗಿವೆ ಅಂದರೆ ದಾರಿ ತಪ್ಪುವುದು ಸುಲಭ. ಕಳೆದ ಸಲ ಹಾಗೇ ತಪ್ಪಿ ನಿಂತಾಗ ಒಬ್ಬ ಅಜ್ಜಿ ಕರೆದರು. "ಗುಡಿ ನೋಡಾಕ ಬಂದೀರೇನ್ರಿ? ಬರ್ರಿ, ಹಿಂಗ ನಮ್ಮ ಅಂಗಳದಾಗಿಂದ ಹೋಗ್ರಿ." ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಲು ಹಾಕಿದ್ದರು, ಗೋಡೆಯ ಮೇಲೆ ಕೌದಿ. ಅದನ್ನು ದಾಟಿದರೆ ಎದುರಿಗೇ ಕಪ್ಪು ಕಲ್ಲಿನ ಗೋಡೆ.

ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. ಅಜ್ಜಿಯಂಥವರು ಮನೆಯ ಮಾಳಿಗೆ ಸೋರಿದರೂ ಅರ್ಜಿ ಹಿಡಿದು ಓಡಾಡಬೇಕು. ಮನೆಗಳನ್ನೇ ತೆಗೆಯಬೇಕು ಅನ್ನುವ ಮಾತು ಬಹಳ ದಿನದಿಂದ ಇದೆ. ಗುಡಿಗೆ ಉಸಿರಾಡಲು ಜಾಗ ಬೇಕು, ಒಪ್ಪುತ್ತೇನೆ. ಆದರೆ ತಲೆತಲಾಂತರದಿಂದ ಪಕ್ಕದಲ್ಲಿದ್ದವರನ್ನು ದೂರ ಕಳಿಸಿ, ಬೇಲಿ ಹಾಕಿ, ನೀಲಿ ಬೋರ್ಡು ನಿಲ್ಲಿಸಿದರೆ ದಾರಿ ತೋರಿಸುವವರು ಯಾರು? ಅವರಿಗೆ ಹತ್ತಿರದಲ್ಲೇ ಜಾಗ ಕೊಡಬೇಕು, ಗುಡಿಯ ಕೆಲಸದಲ್ಲೂ ಅವರನ್ನು ಸೇರಿಸಿಕೊಳ್ಳಬೇಕು.

ಇನ್ನು ಲೇಔಟ್ ಕಟ್ಟುವವರಿಗೆ ಒಂದು ಮಾತು. ಫಸ್ಟ್ ಕ್ರಾಸ್, ಸೆಕೆಂಡ್ ಕ್ರಾಸ್ ಬದಲು ಆ ಹೊಲದ ಹೆಸರನ್ನೇ ರಸ್ತೆಗೆ ಇಡಿ. ನಮ್ಮ ಕಡೆ ಹೆಸರಿಲ್ಲದ ಹೊಲವೇ ಇಲ್ಲ. ಖರ್ಚು ಏನೂ ಇಲ್ಲ. ಎನ್‌ಎ ಆದ ದಿನ, ಅಂದರೆ ಕೃಷಿಯೇತರ ಜಮೀನು ಅಂತ ದಾಖಲಾದ ದಿನ, ಹೊಲ ಹೋಗುತ್ತದೆ, ಅದರ ಜೊತೆ ಹೆಸರೂ ಹೋಗಬೇಕಾಗಿಲ್ಲ.

ತಂಗಿಯ ಲೇಔಟಿನ ಪಾರ್ಕಿನ ಮೂಲೆಯಲ್ಲೂ ಒಂದು ವೀರಗಲ್ಲಿದೆ. ಅರ್ಧ ಮಣ್ಣಿನಲ್ಲಿ ಹೂತಿದೆ. ಮೇಲೆ ಲಿಂಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಕಾಳಗದ ಸಾಲು ನೆಲದೊಳಗೆ. ಅಮಾವಾಸ್ಯೆಯ ಬೆಳಿಗ್ಗೆ ಅಲ್ಲಿ ಒಬ್ಬ ಯಜಮಾನರು ಎಣ್ಣೆ ಹಾಕುತ್ತಿದ್ದರು. ಮಾತಾಡಿಸಿದೆ.

"ಇದು ನಮ್ಮ ಹೊಲಾ ಇತ್ರಿ. ಕೊಟ್ಟು ಹನ್ನೆರಡ ವರ್ಷಾತು. ಕಲ್ಲ ಮಾತ್ರ ನಮ್ದ ಐತಿ."

ಹೊಲಕ್ಕೆ ಏನು ಹೆಸರು ಅಂತ ಕೇಳಿದೆ.

"ಗುಡಿ ಹಿಂದಿನ ಹೊಲ."

ಯಾವ ಗುಡಿ ಅಂದರೆ ಮಕ್ಕಳು ಬ್ಯಾಡ್ಮಿಂಟನ್ ಆಡುತ್ತಿದ್ದ ಕಡೆ ಕೈ ಮಾಡಿದರು. ತಮ್ಮ ಅಜ್ಜನ ಕಾಲಕ್ಕೇ ಅದು ಬಿದ್ದು ಹೋಗಿತ್ತಂತೆ. ಜೊತೆಗಿದ್ದ ಸೊಸಿ, ತಂಗಿಯ ಮಗಳು, ಓಡಿ ಹೋಗಿ ನೋಟ್‌ಬುಕ್ ತಂದಳು. ಸುತ್ತಲಿನ ಹೊಲಗಳ ಹೆಸರನ್ನೂ ಅವರು ಒಂದೊಂದಾಗಿ ಹೇಳಿದರು, ಅವಳು ಬರೆದುಕೊಂಡಳು. 11 ಹೆಸರಾದವು. ಉಳಿದದ್ದು ಮುಂದಿನ ಅಮಾವಾಸ್ಯೆಗೆ ಬಂದಾಗ ಹೇಳುತ್ತೇನೆ ಅಂತ ಎಣ್ಣೆಯ ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟರು.