ಸುಟ್ಟ ಎಕರೆಗೆ ಲೆಕ್ಕ ಇದೆ, ಕುಡಿದ ಹೊಗೆಗೆ ಇಲ್ಲ

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಾನು ಊರಲ್ಲೇ ಇದ್ದೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಊರು ನಮ್ಮದು. ಬೆಳಿಗ್ಗೆ ಎದ್ದರೆ ಜಗಲಿ ಮೇಲೆ, ನೀರಿನ ಕೊಡಕ್ಕೆ ಮುಚ್ಚಿದ್ದ ತಟ್ಟೆ ಮೇಲೆ ಕರಿ ಬೂದಿ ಬಿದ್ದಿರುತ್ತಿತ್ತು. ಎಲೆಯ ಆಕಾರ, ನರ ಎಲ್ಲ ಹಾಗೇ ಉಳಿದಿರುತ್ತಿತ್ತು, ಮುಟ್ಟಿದರೆ ಪುಡಿ.

ಟಿವಿಯವರು ಬಂದರು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಆಮೇಲೆ ಉಪಗ್ರಹ ಚಿತ್ರ ನೋಡಿ ಸುಮಾರು 11 ಸಾವಿರ ಎಕರೆ ಸುಟ್ಟಿದೆ ಅಂದರು. ಲೆಕ್ಕ ಅಲ್ಲಿಗೆ ಮುಗಿಯಿತು. ಆ ಹೊಗೆ ಯಾರ ಎದೆಯೊಳಗೆ ಎಷ್ಟು ಇಳಿಯಿತು ಅಂತ ಅವತ್ತೂ ಯಾರೂ ಕೇಳಲಿಲ್ಲ, ಇವತ್ತೂ ಕೇಳುತ್ತಿಲ್ಲ. ನನ್ನ ಸಂಕಟ ಇದೇ.

ನಮ್ಮ ಚಿಕ್ಕಪ್ಪ ಫೈರ್ ವಾಚರ್. ಬೇಸಿಗೆಯ ನಾಲ್ಕೈದು ತಿಂಗಳ ದಿನಗೂಲಿ ಕೆಲಸ. ಬೆಂಕಿ ದಾಟದ ಹಾಗೆ ಹುಲ್ಲು, ಗಿಡ ಸವರಿ ಬೆಂಕಿ ರೇಖೆ ಮಾಡುವುದು, ಹೊಗೆ ಕಂಡ ಕಡೆ ಓಡುವುದು, ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದು ಆರಿಸುವುದು. ಬಡಿಯಬೇಕಾದರೆ ಉರಿಯ ಹತ್ತಿರವೇ ನಿಲ್ಲಬೇಕು. ಮುಖಕ್ಕೆ ಇದ್ದದ್ದು ಒದ್ದೆ ಟವಲ್ ಮಾತ್ರ. ಮೂರನೇ ದಿನ ಮನೆಗೆ ಬಂದವರು ಕೆಮ್ಮಿ ಉಗಿದರೆ ಕಫ ಕರ್ರಗಿತ್ತು. ಆಸ್ಪತ್ರೆಗೆ ಹೋಗೋಣ ಅಂದರೆ, "ಅಭ್ಯಾಸ ಆಗೋಗದ ಕನ ಮಗ, ಬುಡು" ಅಂದರು.

ಹೊಗೆ ಅಭ್ಯಾಸ ಆಗುವ ವಸ್ತುವಲ್ಲ. ಅದರಲ್ಲಿರುವ ಪಿಎಂ 2.5 ಅನ್ನುವ ಕಣ ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತು, ಮೂವತ್ತರಲ್ಲಿ ಒಂದು ಪಾಲು. ಮೂಗಿನ ಕೂದಲಿಗೂ ಸಿಗಲ್ಲ, ಗಂಟಲಿನ ಕಫಕ್ಕೂ ಅಂಟಲ್ಲ. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿ ಕಾಡಿನ ಹೊಗೆ ಅಂದರೆ ಬರೀ ಕೆಮ್ಮು ದಮ್ಮಲ್ಲ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಏರುತ್ತದೆ. ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ, ಮೊದಲೇ ಆಸ್ತಮಾ ಇದ್ದವರಿಗೆ ಇನ್ನೂ ಹೆಚ್ಚು. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣದ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ. ನಮ್ಮ ದೇಶದ ಮಿತಿ 60. ಒದ್ದೆ ಟವಲ್ ಕಣ್ಣಿಗೆ ಕಾಣುವ ಬೂದಿ ತಡೆದೀತು, ಈ ಕಣವನ್ನಲ್ಲ. ಅದಕ್ಕೆ ಎನ್‌95 ಮಾಸ್ಕೇ ಬೇಕು, ಅದೂ ಮುಖಕ್ಕೆ ಸರಿಯಾಗಿ ಕೂತಿರಬೇಕು.

ಉರಿ ಆರಿದ ಮೇಲೂ ಕಥೆ ಮುಗಿಯಲ್ಲ. ಬಿದ್ದ ಕೊರಡುಗಳು, ಬಿದಿರಿನ ಬುಡಗಳು ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತವೆ. ಧಗಧಗ ಉರಿಯುವ ಸೌದೆಗಿಂತ ಹೀಗೆ ಉರಿಯಿಲ್ಲದೆ ಒಳಗೇ ಬೇಯುವ ಸೌದೆಯೇ ಹೊಗೆ ಹೆಚ್ಚು ಬಿಡುವುದು, ಒಲೆ ಊದಿದವರಿಗೆಲ್ಲ ಗೊತ್ತು. ರಾತ್ರಿ ತಣ್ಣಗಾದಾಗ ಆ ಹೊಗೆ ಮೇಲೆ ಹೋಗದೆ ತಗ್ಗಿನ ಊರುಗಳ ಮೇಲೆ ಕೂರುತ್ತದೆ. ಕಿಟಕಿ ಮುಚ್ಚಿಕೊಳ್ಳಿ ಅನ್ನುತ್ತಾರೆ. ನಮ್ಮದು ಹೆಂಚಿನ ಮನೆ, ಸೂರಿನ ಸಂದಿಯಿಂದಲೇ ಬರುವ ಹೊಗೆಗೆ ಯಾವ ಕಿಟಕಿ ಮುಚ್ಚೋಣ?

2023ರ ಜೂನ್‌ನಲ್ಲಿ ಕೆನಡಾದ ಕ್ವಿಬೆಕ್ ಕಾಡಿನ ಹೊಗೆ ಗಡಿ ದಾಟಿ ನ್ಯೂಯಾರ್ಕಿನ ಆಕಾಶವನ್ನೇ ಕಿತ್ತಳೆ ಮಾಡಿತ್ತಲ್ಲ, ಆಗ ನ್ಯೂಜೆರ್ಸಿಯಲ್ಲಿರುವ ನನ್ನ ಗೆಳೆಯ ಫೋನ್ ಮಾಡಿದ್ದ. ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಎಕ್ಯೂಐ ಸಂಖ್ಯೆ 400 ದಾಟಿದೆ, ಮಗಳನ್ನು ಹೊರಗೆ ಬಿಡುತ್ತಿಲ್ಲ ಅಂದ. ನೂರಾರು ಮೈಲಿ ಆಚೆಯ ಬೆಂಕಿ, ಆದರೂ ಅವನ ಕೈಯಲ್ಲಿ ಒಂದು ಸಂಖ್ಯೆ ಇತ್ತು, ಅದನ್ನು ನೋಡಿ ಅವನೊಂದು ತೀರ್ಮಾನ ಮಾಡಿದ. ನಮ್ಮಲ್ಲಿ ಗಾಳಿ ಅಳೆಯುವ ಯಂತ್ರ ಇರುವುದು ದೊಡ್ಡ ಊರುಗಳಲ್ಲಿ. ಕಾಡಂಚಿನ ಹಾಡಿಯಲ್ಲಿ ಇರುವವರಿಗೆ ಉರಿಯುವ ಕಣ್ಣೇ ಮೀಟರು.

ಇಲ್ಲಿನ ಕಾಡಿಗೆ ಬೆಂಕಿ ತಾನಾಗಿ ಬೀಳುವುದು ಬಹಳ ಅಪರೂಪ, ಹಚ್ಚುವುದು ಮನುಷ್ಯರೇ. ಹಚ್ಚಿದವರಿಗೆ ಶಿಕ್ಷೆ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಕಿ ಇಷ್ಟು ಜೋರಾಗುವುದಕ್ಕೆ ಕಾಡಿನ ತುಂಬ ಹಬ್ಬಿರುವ, ಹೊರಗಿನಿಂದ ಬಂದ ಲಂಟಾನ ಅನ್ನುವ ಪೊದೆಗಿಡವೂ ಕಾರಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ತರಗೆಲೆ ಮಾತ್ರ ಸುಟ್ಟು ಹೋಗುವ ಗಿಡ್ಡ ಬೆಂಕಿ ಅದು. ಅದು ನಿಂತ ಮೇಲೆಯೇ ಲಂಟಾನ ಹೀಗೆ ಬೆಳೆಯಿತು ಅನ್ನುವುದು ಅವರ ಮಾತು. ಕಾಡಿನಲ್ಲೇ ಹುಟ್ಟಿ ಬೆಳೆದವರ ಈ ಮಾತನ್ನು ಅಧಿಕಾರಿಗಳು ಕೂತು ಕೇಳಲೇಬೇಕು.

2017ರಲ್ಲಿ ಇದೇ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸಲು ಹೋದ ಫಾರೆಸ್ಟ್ ಗಾರ್ಡ್‌ಗಳು ಜೀವ ಬಿಟ್ಟರು. ಅವರಿಗಾಗಿ ಎಲ್ಲರೂ ಮರುಗಿದೆವು. ಹೊಗೆ ಕುಡಿದು ಹತ್ತು ವರ್ಷಕ್ಕೆ ಏದುಸಿರು ಬಿಡುವವರು ಮಾತ್ರ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಪ್ರತಿ ವಾಚರಿಗೂ ಸಾಕಷ್ಟು ಎನ್‌95 ಕೊಡಿ. ಆ ಸೆಕೆಯಲ್ಲಿ ಮಾಸ್ಕ್ ಹಾಕಿ ಬಡಿದರೆ ಉಸಿರು ಕಟ್ಟುತ್ತದೆ, ನಿಜ. ಅದಕ್ಕೇ ಆಳುಗಳನ್ನು ಸರದಿಯ ಮೇಲೆ ಬದಲಿಸಬೇಕು. ಬೇಸಿಗೆಗೆ ಮೊದಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ಉಸಿರು ಊದಿಸಿ ಶ್ವಾಸಕೋಶ ಪರೀಕ್ಷೆ ಮಾಡಿಸಿ. ಕಾಡಂಚಿನ ಶಾಲೆಗಳ ಮೇಲೊಂದೊಂದು ಗಾಳಿ ಅಳೆಯುವ ಸಣ್ಣ ಯಂತ್ರ ಇಡಿ.

ಆ ವಾರ ಚಿಕ್ಕಮ್ಮನಿಗೂ ದಮ್ಮು ಎದ್ದು, ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಿದೆವು. ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ. "ಕೆಮ್ಮು, ಉಬ್ಬಸ, 3 ದಿನದಿಂದ" ಅಂತಷ್ಟೇ ಬರೆದಿದ್ದಾರೆ. ಕಿಟಕಿಯಿಂದ ನೋಡಿದರೆ ಬೆಟ್ಟ ಉರಿಯುತ್ತಿತ್ತು. ಕಾಡಂಚಿನ ಊರುಗಳಲ್ಲಿ ಕೆಲಸ ಮಾಡುವ ಡಾಕ್ಟರುಗಳು, ನರ್ಸಮ್ಮಂದಿರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ. ಜನವರಿಯಿಂದ ಮಳೆ ಬೀಳುವವರೆಗೆ ಕೆಮ್ಮಿಕೊಂಡು ಬಂದವರನ್ನು "ನಿಮ್ಮ ಕಡೆ ಹೊಗೆ ಇತ್ತಾ?" ಅಂತ ಒಂದು ಮಾತು ಕೇಳಿ. ಇತ್ತು ಅಂದರೆ ಚೀಟಿಯಲ್ಲಿ ಬರೆಯಿರಿ.