ದಯವಿಟ್ಟು ಕಳ್ಳನಿಗೇ ಮತ ನೀಡಿ

ಕುಂಬಳಕಾಯಿ ಕಳ್ಳ ಎಂದು ಯಾರೋ ಕೂಗಿದೊಡನೆ ಹೆಗಲು ಮುಟ್ಟಿ ನೋಡಿಕೊಂಡು ಸಿಕ್ಕಿಬಿದ್ದವನ ಗಾದೆ ನಮ್ಮಲ್ಲಿದೆ. ಅಮೆರಿಕದ ಲೂಸಿಯಾನಾ ರಾಜ್ಯಕ್ಕೆ ನಾಲ್ಕು ಬಾರಿ ಗವರ್ನರ್ ಆಗಿದ್ದ ಎಡ್ವಿನ್ ಎಡ್ವರ್ಡ್ಸ್ ಅವರಿಗೆ ಅಂಥ ಅಳುಕೇ ಇರಲಿಲ್ಲ. ಅವರ ಹೆಗಲಿಗೆ ಅಂಟಿದ್ದ ಬೂದಿಯನ್ನು ಮತದಾರರೇ ವಿಭೂತಿಯೆಂದು ಕಣ್ಣಿಗೊತ್ತಿಕೊಂಡರು. (ಅಲ್ಲಿಯ ಗವರ್ನರ್ ಎಂದರೆ ನಮ್ಮ ರಾಜಭವನದ ನಿವಾಸಿಯಲ್ಲ, ಚುನಾವಣೆ ಗೆದ್ದು ಬೊಕ್ಕಸದ ಬೀಗದ ಕೈ ಹಿಡಿಯುವ ಮುಖ್ಯಮಂತ್ರಿಯಂಥವರು.)

1972ರಲ್ಲಿ ಮೊದಲ ಸಲ ಅಧಿಕಾರಕ್ಕೆ ಬಂದ ಅವರು ರಾಜ್ಯಕ್ಕೆ ಹೊಸ ಸಂವಿಧಾನ ತಂದರು. ಪೀಪಾಯಿಗಿಷ್ಟು ಎಂದು ವಸೂಲಾಗುತ್ತಿದ್ದ ಕಚ್ಚಾ ಎಣ್ಣೆಯ ತೆರಿಗೆಯನ್ನು ಬೆಲೆಯ ಪಾಲಾಗಿ ಬದಲಿಸಿದ ಹೊತ್ತಿಗೆ ಸರಿಯಾಗಿ ಜಗತ್ತಿನ ಎಣ್ಣೆಯ ಬೆಲೆ ಗಗನಕ್ಕೇರಿ ಬೊಕ್ಕಸ ತುಂಬಿ ತುಳುಕಿತು. ತುಂಬಿದ ಮನೆಯಲ್ಲಿ ಯಜಮಾನನ ಜೂಜಿನ ಚಟ ಯಾರ ಕಣ್ಣಿಗೆ ಬೀಳುತ್ತದೆ? 1983ರ ಚುನಾವಣೆಯ ಸಾಲ ತೀರಿಸಲು ಅವರು ಆರುನೂರಕ್ಕೂ ಹೆಚ್ಚು ಬೆಂಬಲಿಗರಿಂದ ತಲೆಗೆ 10,000 ಡಾಲರ್ ಪಡೆದು, ಎಲ್ಲರನ್ನೂ ಪ್ಯಾರಿಸ್ ಪ್ರವಾಸಕ್ಕೆ ಕರೆದೊಯ್ದರು. ಸಾಲಗಾರ ಊರು ಬಿಟ್ಟು ಹೋಗುವುದುಂಟು. ಊರನ್ನೇ ಕಟ್ಟಿಕೊಂಡು ಹೋದದ್ದು ಇದೊಂದೇ ಪ್ರಸಂಗವಿರಬೇಕು.

ಆಮೇಲೆ ಭ್ರಷ್ಟಾಚಾರದ ಮೊಕದ್ದಮೆ, ಖುಲಾಸೆ, ಚುನಾವಣೆಯಲ್ಲಿ ಸೋಲು. ಇನ್ನು ಮುಗಿಯಿತು ಎನ್ನುವಾಗ 1991ರಲ್ಲಿ ಅಂತಿಮ ಸುತ್ತಿನ ಎದುರಾಳಿಯಾಗಿ ನಿಂತವರು ಬಿಳಿಯರೇ ಶ್ರೇಷ್ಠರೆಂದು ಕರಿಯರನ್ನು ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್ ಎಂಬ ಸಂಘಟನೆಯ ಮಾಜಿ ನಾಯಕ ಡೇವಿಡ್ ಡ್ಯೂಕ್. ಜೀವಮಾನವೆಲ್ಲ ಎಡ್ವರ್ಡ್ಸ್ ಅವರನ್ನು ಶಪಿಸುತ್ತ ಬಂದ ಮರ್ಯಾದಸ್ಥರು ಸಹ ‘ಕಳ್ಳನಿಗೆ ಮತ ನೀಡಿ, ಇದು ಮುಖ್ಯ’ ಎಂಬ ಚೀಟಿಯನ್ನು ಕಾರಿನ ಹಿಂಬದಿಗೆ ಅಂಟಿಸಿಕೊಳ್ಳುವ ಕಾಲ ಬಂತು. ಅಭ್ಯರ್ಥಿಯ ಸದ್ಗುಣಗಳನ್ನು ಪಟ್ಟಿ ಮಾಡುವ ತೊಂದರೆಯೇ ಇಲ್ಲದ, ಒಂದು ಅಕ್ಷರವೂ ಸುಳ್ಳಿಲ್ಲದ ಪ್ರಣಾಳಿಕೆ ಅದು. ಶೇ 61ರಷ್ಟು ಮತದಾರರು ಒಪ್ಪಿದರು. ಒಪ್ಪದೆ ಇನ್ನೇನು ಮಾಡಬೇಕಿತ್ತು ಎಂದು ಕೇಳಿದರೆ ನನ್ನ ಬಳಿಯೂ ಉತ್ತರವಿಲ್ಲ. ಆ ದಿನ ಅಲ್ಲಿದ್ದಿದ್ದರೆ ನಾನೂ ಒಂದು ಚೀಟಿ ಕೇಳಿ ಪಡೆಯುತ್ತಿದ್ದೆ.

ಪೊಟ್ಟಣದ ಮೇಲೆ ಬರೆದದ್ದೇ ಒಳಗೂ ಇತ್ತು. ನದಿಯ ಹಡಗುಗಳಲ್ಲಿ ಕ್ಯಾಸಿನೊ ನಡೆಸುವ ಪರವಾನಗಿಗಾಗಿ ಹಣ ಸುಲಿದ ಪ್ರಕರಣದಲ್ಲಿ 2000ದಲ್ಲಿ ಅಪರಾಧ ಸಾಬೀತಾಗಿ, ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. 2011ರಲ್ಲಿ ಹೊರಬಂದವರು, ಜೈಲಿಗೆ ಪತ್ರ ಬರೆಯುತ್ತಿದ್ದ, ತಮಗಿಂತ 51 ವರ್ಷ ಕಿರಿಯ ಮಹಿಳೆಯನ್ನು ವರಿಸಿದರು; ಸಂಸಾರವನ್ನು ಟಿವಿಯ ರಿಯಾಲಿಟಿ ಶೋ ಮಾಡಿದರು.

ಶಿಕ್ಷೆಗೊಳಗಾದವರು ಕೂಡಲೇ ಗವರ್ನರ್ ಹುದ್ದೆಗೆ ಸ್ಪರ್ಧಿಸುವಂತಿಲ್ಲ ಎನ್ನುತ್ತಿತ್ತು ರಾಜ್ಯದ ಕಾನೂನು. ದೇಶದ ಸಂಸತ್ತಿಗೆ ಮಾತ್ರ ಅಂಥ ಅಡ್ಡಿಯಿರಲಿಲ್ಲ. ಹೀಗಾಗಿ 2014ರಲ್ಲಿ, 87ರ ವಯಸ್ಸಿನಲ್ಲಿ, ಅವರು ಸಂಸತ್ತಿಗೆ ನಿಂತರು. ಸಿಕ್ಕಿದ್ದು ಸುಮಾರು ಶೇ 38ರಷ್ಟು ಮತ, ಹಿಂದೆ ಡ್ಯೂಕ್ ಪಡೆದದ್ದಕ್ಕಿಂತಲೂ ಒಂದಿಷ್ಟು ಕಡಿಮೆ. ಈ ಬಾರಿ ಎದುರಾಳಿ ಕರಾವಳಿ ರಕ್ಷಣೆಯ ಕಡತ ನೋಡಿಕೊಂಡಿದ್ದ ಅಧಿಕಾರಿ. ಅಂಥವರ ಪಕ್ಕದಲ್ಲಿ ಕಳ್ಳ ಬರೀ ಕಳ್ಳನಾಗಿಯೇ ಕಂಡ.