ರಾಯರ ಹಂಚು, ನಮ್ಮ ಬಕೆಟ್ಟು

ನಿನ್ನೆ ರಾತ್ರಿ ಊಟಕ್ಕೆ ಕೂತಿದ್ದೆ. ಒಂದೆಲಗದ ತಂಬುಳಿ. ಮೊದಲೇ ನೀರು, ಅದರ ಮೇಲೆ ಟಪ್ಪಂತ ಇನ್ನೊಂದು ಹನಿ ಬಿತ್ತು. "ಉಪ್ಪು ಸರಿ ಇದೆಯಾ?" ಅಂತ ಒಳಗಿಂದ ಹೆಂಡತಿ ಕೇಳಿದಳು. "ಇತ್ತು, ಈಗಷ್ಟೇ ಕಮ್ಮಿಯಾಯ್ತು" ಅಂದೆ.

ಹೊಸ ಮಾಡು ಹೊದಿಸಿ ಎರಡು ತಿಂಗಳಾಗಿಲ್ಲ. ಆರಿದ್ರಾ ಮಳೆ ನಮ್ಮ ತೀರ್ಥಹಳ್ಳಿ ಕಡೆ ಹಿಡಿದರೆ ಬಿಡುವ ಜಾತಿಯಲ್ಲ ನಿಜ. ಆದರೆ ಸೋರುತ್ತಿರುವುದು ನಮ್ಮ ಮಾಡಲ್ಲ, ಪಕ್ಕದ ರಾಯರದ್ದೂ ಅಲ್ಲ. ಎರಡೂ ಕೂಡುವ ಜಾಗ.

ಕೇರಿಯ ಸಾಲುಮನೆಗಳು ನಮ್ಮವು. ರಾಯರಿಗೂ ನಮಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಾಡು. ನಮ್ಮ ಪಾಲಿನ ಹಂಚು ಹೊರುವ ಮರ, ಪಕಾಸು, ರೀಪು ಎಲ್ಲ ಒರಲೆ ಹಿಡಿದಿದ್ದರಿಂದ ನಮ್ಮರ್ಧ ಬಿಚ್ಚಿಸಿದೆ. ಹಂಚು ಗಟ್ಟಿಯಾಗೇ ಇತ್ತು. ಹೋಂಸ್ಟೇ ಮಾಡುವವರೊಬ್ಬರು ಒಳ್ಳೆ ರೇಟು ಹೇಳಿದರು ಅಂತ ಮಾರಿಬಿಟ್ಟು ಹೊಸ ಮಂಗಳೂರು ಹಂಚು ತರಿಸಿದೆ. (ಈ ವಾಕ್ಯವನ್ನು ಹೆಂಡತಿ ದಿನಕ್ಕೆರಡು ಸಲ ನೆನಪಿಸುತ್ತಾಳೆ.) ಹಂಚಿಗೆ ಹಂಚು ಕೂರುತ್ತೆ ಅಂದುಕೊಂಡಿದ್ದೆ. ಇಲ್ಲ. ಒಂದರ ಅಂಚು ಪಕ್ಕದ್ದರ ಗೆರೆಯೊಳಗೆ ಇಳಿಯಬೇಕು, ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ನಮ್ಮ ಹೊಸ ಹಂಚು ರಾಯರ ಹಂಚಿನ ಪಕ್ಕ, ಮರ್ಯಾದೆ ಸಾಲದೆಂದು ಮುನಿದ ಬೀಗರ ಹಾಗೆ, ಅರ್ಧ ಇಂಚು ಎದ್ದೇ ಕೂತಿತು.

ಆಚಾರ್ರು ಉಪಾಯ ಹೇಳಿದರು: ಎರಡೂ ಕಡೆ ಹಂಚಿನಡಿ ಹೋಗುವ ಹಾಗೆ ತಗಡಿನ ದೋಣಿ ಇಡೋಣ, ನೀರು ಅದರಲ್ಲೇ ಸೂರಿಗಿಳಿಯುತ್ತೆ. ರಾಯರ ಕಡೆ ಒಂದು ಸಾಲು ಹಂಚು ಎತ್ತಿದರೆ ಸಾಕು.

ರಾಯರು ಒಳಗೆ ಹೋಗಿ ಒಂದು ಹಂಚು ಎತ್ತಿಕೊಂಡು ಬಂದರು, ಬಾಣಂತಿ ಕೋಣೆಯಿಂದ ಕೂಸನ್ನು ತರುವ ಹಾಗೆ. ಮಗುಚಿದರು. ಕನ್ನಡಕ ಏರಿಸಿದರು.

"ಓದಿ ಇದನ್ನ. ಬಾಸೆಲ್ ಮಿಶನ್, 1865. ನಿಮ್ಮ ತಗಡಿಗೋಸ್ಕರ ಇದನ್ನ ಅಲ್ಲಾಡಿಸ್ಲಾ?"

1865 ಅಂದರೆ ಮಿಶನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಆಮೇಲೆ ಎಷ್ಟೋ ವರ್ಷ ಹಂಚಿನ ಮೇಲೆ ಅದೇ ಇಸವಿ ಒತ್ತುತ್ತಿದ್ದರು. ಹಾಗಂತ ಮೆಲ್ಲಗೆ ಹೇಳಿದೆ. "ನಿಮ್ಮ ಬಾಗಿಲ ಮೇಲೇ 1908 ಅಂತ ಕೆತ್ತಿದೆಯಲ್ಲ ರಾಯರೇ, ನಿಮ್ಮಜ್ಜ ಮನೆ ಕಟ್ಟಿಸಿದ್ದು?"

"ಅಜ್ಜ ಮುಂದಾಲೋಚನೆಯವರು. ಮೊದಲೇ ತರಿಸಿಟ್ಟಿದ್ರು."

"ಹುಟ್ಟೋಕೆ ಮೊದಲೇ?"

ಉತ್ತರ ಬರಲಿಲ್ಲ. ಆದರೆ ಅವತ್ತಿನಿಂದ ಆ ಹಂಚು ಒಳಗೆ ಹೋಗಲೇ ಇಲ್ಲ. ಜಗಲಿ ಮೇಲಿದೆ. ಹಾಲಿನ ಹುಡುಗ ಓದಿದ, ಮೀಟರ್ ನೋಡಲು ಬಂದವನು ಮೀಟರಿಗಿಂತ ಮೊದಲು ಅದನ್ನೇ ಓದಬೇಕಾಯಿತು. ಕೇರಿಯಲ್ಲಿ 1865ರ ಮಹಿಮೆ ಇನ್ನೂ ತಿಳಿಯದವರೆಂದರೆ ಮಂಗಗಳು ಮಾತ್ರ. ಅವೂ ನಮ್ಮ ಹೊಸ ಹಂಚಿನ ಮೇಲೇ ಹಾರುತ್ತವೆ.

ಕೊನೆಗೆ ದೋಣಿ ಅರ್ಧಕ್ಕೇ ನಿಂತಿತು. ನಮ್ಮ ಹಂಚಿನಡಿ ತಗಡು, ರಾಯರ ಅಂಚಿಗೆ ಸಿಮೆಂಟು. ಮೊದಲ ಜೋರು ಮಳೆಗೇ ಸಿಮೆಂಟು ಬಿರುಕು ಬಿಟ್ಟಿತು. ರಾಯರು ಕೊಡೆ, ಟಾರ್ಚು ಹಿಡಿದು ಬಂದು ನಮ್ಮ ಊಟದ ಕೋಣೆಯಲ್ಲಿ ಕತ್ತೆತ್ತಿ ನಿಂತರು. "ನಮ್ಮ ಕಡೆ ಒಂದು ಹನಿ ಇಲ್ಲ ಮಾರಾಯ್ರೆ" ಅಂದರು. ಹೇಳುವಾಗ ಅವರ ಹೆಗಲ ಮೇಲೇ ಒಂದು ಬಿತ್ತು.

ನಾನು ಚಿಕ್ಕವನಿದ್ದಾಗ ಅಟ್ಟದಲ್ಲಿ ಗೋಡೆ ಇರಲಿಲ್ಲ. ನಮ್ಮಟ್ಟ ಹತ್ತಿದರೆ ರಾಯರ ಅಟ್ಟದಲ್ಲಿ ಇಳಿಯಬಹುದಿತ್ತು. ಅವರಮ್ಮನ ಹಲಸಿನ ಹಪ್ಪಳದ ಡಬ್ಬಿ ಸರೀ ಇದೇ ಜಾಗದಲ್ಲಿರುತ್ತಿತ್ತು. ಆಗ ಎಲ್ಲೋ ಸೋರಿದರೆ ಯಾರದ್ದೆಂದು ಕೇಳಿದ ನೆನಪಿಲ್ಲ. ಯಾರ ಕೈಗೆ ಉದ್ದ ಕೋಲು ಸಿಕ್ಕಿತೋ ಅವರು ಹಂಚು ಸರಿಸುತ್ತಿದ್ದರು.

ಆಚಾರ್ರು ದೀಪಾವಳಿ ಕಳೀಲಿ ಅಂದಿದ್ದಾರೆ. ಸದ್ಯಕ್ಕೆ ಊಟದ ಮಣೆ ಎರಡಡಿ ಸರಿದಿದೆ, ಆ ಜಾಗದಲ್ಲಿ ಬಕೆಟ್ಟಿದೆ. ಇವತ್ತು ಮಧ್ಯರಾತ್ರಿ ಗೋಡೆಯಾಚೆಯಿಂದ ರಾಯರ ದನಿ:

"ಎದ್ದೇಳಿ ಮಾರಾಯ್ರೆ, ಸದ್ದು ಬದಲಾಯ್ತು. ಬಕೆಟ್ ತುಂಬಿತು ಅಂತ ಕಾಣುತ್ತೆ."